ಮೈನಸ್ ಮುನ್ನೂರ ನಲವತ್ತು

ಪೀಣ್ಯ ಎರಡನೇ ಹಂತ. ಗೇಟಿನ ರಿಜಿಸ್ಟರಿನಲ್ಲಿ
ಬಂದ ಉದ್ದೇಶ ಎಂಬಲ್ಲಿ
‘ನೀರು ಅಳೆಯಲು’ ಎಂದು ಬರೆದೆ.
ವಾಚ್‌ಮನ್ ಅದನ್ನೋದಿ, ನನ್ನ ಪೆಟ್ಟಿಗೆ ನೋಡಿ,
‘ಎಷ್ಟು ಕೊಡ ಮೇಡಂ?’ ಅಂದ.

ಕುಲುಮೆಯ ಬೆನ್ನಿಗೇ ಪಂಪ್‌ಹೌಸು.
ತಬ್ಬಿಕೊಂಡರೆ ಬೆರಳಿಗೆ ಬೆರಳು ಕೂಡದಷ್ಟು ದಪ್ಪ ಪೈಪು,
ಮೈಮೇಲೆ ಮೂರು ಕಾಲದ ಹಸಿರು ಬಣ್ಣ,
ಅದರ ಮೇಲೊಂದು ಬಿಳಿ ಬಾಣ: ನೀರು ಹೀಗೆ ಹೋಗುತ್ತದೆ.
ಬಾಣ ಬರೆದವರು ಯಾರೋ. ಫಿಟ್ಟರ್ ಚೌರಪ್ಪನವರಿಗೂ ನೆನಪಿಲ್ಲ,
ಅವರಿಗೆ ಇಲ್ಲಿ ಮೂವತ್ತೊಂದು ವರ್ಷ.

ನಾನು ಕೊಯ್ಯುವುದಿಲ್ಲ, ಕೊರೆಯುವುದಿಲ್ಲ.
ಎಮರಿ ಪೇಪರಿನಲ್ಲಿ ಬಣ್ಣ ತಿಕ್ಕಿ,
ಕಬ್ಬಿಣ ಹೊಳೆದ ಎರಡು ಕಡೆ ಜೆಲ್ ಹಚ್ಚಿ,
ಸೆನ್ಸರ್ ಇಟ್ಟು ಚೈನು ಬಿಗಿಯುತ್ತೇನೆ.
ತಿರುವಿನ ಹತ್ತಿರ ಮಾತ್ರ ಬೇಡ. ತಿರುವು ದಾಟಿದ ನೀರಿಗೆ
ಸ್ವಲ್ಪ ದೂರ ತಲೆ ಸುತ್ತುತ್ತಿರುತ್ತದೆ,
ಆಗ ಅದನ್ನು ಏನೂ ಕೇಳಬಾರದು.
ಒಂದು ದನಿ ಹರಿವಿನ ಜೊತೆ ಹೋಗುತ್ತದೆ,
ಒಂದು ಎದುರಾಗಿ ಏದುಸಿರು ಬಿಡುತ್ತ ಬರುತ್ತದೆ.
ತಡವಾದದ್ದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲೂ ಇಲ್ಲ.
ಆ ತಡದಲ್ಲೇ ನನ್ನ ಸಂಬಳ.

ಅಮ್ಮ ಶ್ರೀರಾಮಪುರದ ಬೀದಿ ನಲ್ಲಿಯಲ್ಲಿ
ಬಾಯಲ್ಲೇ ಎಣಿಸುತ್ತಿದ್ದಳು. ಕೊಡಕ್ಕೆ ನಲವತ್ತು.
ಅರವತ್ತು ದಾಟಿತೋ, ‘ಕೆಳಗಡೆ ಯಾರೋ ಮೋಟರ್ ಹಾಕವ್ರೆ’ ಅಂತ
ಸೀರೆ ಎತ್ತಿಕಟ್ಟಿ ಹೊರಡುತ್ತಿದ್ದಳು.
ಒಮ್ಮೆಯೂ ತಪ್ಪು ಮನೆ ಮುಂದೆ ನಿಂತು ಜಗಳವಾಡಿದ್ದಿಲ್ಲ.

ಮೊದಲ ಪಂಪು: ಗಂಟೆಗೆ ಸಾವಿರದ ಐನೂರು ಘನ ಮೀಟರ್.
ಕುಲುಮೆಗೆ ಹೋಗುವ ದಾರಿಯಲ್ಲಿ: ಸಾವಿರದ ನೂರ ಅರವತ್ತು.
ಮ್ಯಾನೇಜರ್ ಇನಾಯತುಲ್ಲಾ ಕನ್ನಡಕ ಒರೆಸಿಕೊಂಡರು.
‘ಸೋರೋದಾದ್ರೆ ನೆಲ ಕೆರೆ ಆಗ್ಬೇಕಿತ್ತಲ್ಲಮ್ಮ.’
ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೆ ಅನ್ನುತ್ತಾರೆ;
ಇಲ್ಲಿ ಒಂದೊಂದು ಟ್ಯಾಂಕರಿಗೂ ಚೀಟಿ, ಸಹಿ, ಸೀಲು.

ಎರಡನೇ ಪಂಪು ಆಫ್. ಅದು ಸ್ಟ್ಯಾಂಡ್‌ಬೈ.
ನಿಂತ ಪಂಪನ್ನು ಯಾರೂ ಅಳೆಸುವುದಿಲ್ಲ.
ನನ್ನ ಹಾಳೆಯಲ್ಲೊಂದು ಖಾನೆ ಖಾಲಿ ಉಳಿದಿತ್ತು, ಅದಕ್ಕಾಗಿ ಅಳೆದೆ.
ಸೊನ್ನೆ ಬರಬೇಕಿತ್ತು.
ಮೈನಸ್ ಮುನ್ನೂರ ನಲವತ್ತು ಬಂತು.

‘ಸೆನ್ಸರ್ ಉಲ್ಟಾ ಕಟ್ಟಿದೀರ’ ಅಂದರು. ನಾನೂ ಹಾಗೇ ಅಂದುಕೊಂಡೆ.
ಬಿಚ್ಚಿ, ಬಾಣ ನೋಡಿ, ಮತ್ತೆ ಕಟ್ಟಿದೆ.
ಮೈನಸ್ ಮುನ್ನೂರ ನಲವತ್ತೆರಡು.

ಚೌರಪ್ಪ ಮಾತಾಡಲಿಲ್ಲ. ಕಪಲಿಂಗಿನ ಮೇಲಿನ ಕಿತ್ತಳೆ ಕವರಿನ
ನಾಲ್ಕು ಬೋಲ್ಟು ಬಿಚ್ಚಿದರು.
ಆಫ್ ಆದ ಪಂಪಿನ ಶಾಫ್ಟು ತಿರುಗುತ್ತಿತ್ತು,
ಹಿಂದಕ್ಕೆ,
ಸದ್ದಿಲ್ಲದೆ.
ವಾಲ್ವಿನೊಳಗೆ, ನೀರು ಹಿಂದೆ ಬರದ ಹಾಗೆ ಇಟ್ಟ ಬಾಗಿಲು
ಎಂದೋ ಮುರಿದಿರಬೇಕು.
ಈ ಪಂಪು ಎತ್ತಿದ್ದನ್ನು ಆ ಪಂಪು ಇಳಿಸಿ
ಗಂಟೆಗೆ ಐವತ್ತಾರು ಟ್ಯಾಂಕರ್ ನೀರು
ಎಲ್ಲಿಗೂ ಹೋಗದೆ ಓಡಾಡುತ್ತಿತ್ತು.

‘ಎಷ್ಟು ದಿನದಿಂದ?’ ಇನಾಯತುಲ್ಲಾ ಕೇಳಿದ್ದು ನನ್ನನ್ನು.
ಮೀಟರು ಈಗಿನದನ್ನಷ್ಟೇ ಹೇಳುತ್ತದೆ.

‘ಪ್ರತಿ ಆಯುಧಪೂಜೆಗೂ ನಾನೇ ಕವರ್ ತೆಗೆದು, ಒರೆಸಿ,
ಹೂ ಇಟ್ಟಿದೀನಿ’ ಅಂದರು ಚೌರಪ್ಪ, ಬೋಲ್ಟು ಕೈಯಲ್ಲೇ ಹಿಡಿದು.
‘ಆವತ್ತು ಎಲ್ಲಾ ನಿಂತಿರ್ತದಲ್ಲಮ್ಮ.’

ಇಬ್ಬರು ಹುಡುಗರು ಚಕ್ರಕ್ಕೆ ಜೋತು ವಾಲ್ವ್ ಮುಚ್ಚಿದರು.
ಶಾಫ್ಟು ನಿಧಾನವಾಯಿತು, ನಿಂತಿತು,
ಅರೆಸುತ್ತು ಮುಂದಕ್ಕೆ ಬಂದು ಮತ್ತೆ ನಿಂತಿತು.
ಕುಲುಮೆಯ ಕಡೆ ಅಂಕಿ ಏರತೊಡಗಿದಾಗ
ಎಲ್ಲರೂ ಪರದೆಯ ಸುತ್ತ. ಚೌರಪ್ಪ ಮಾತ್ರ
ಶಾಫ್ಟಿನ ಮೇಲೆ ಅಂಗೈ ಇಟ್ಟು
ಜ್ವರ ನೋಡುವವರ ಹಾಗೆ ಕೂತೇ ಇದ್ದರು.

ಹೊರಗಿನ ನಲ್ಲಿಯಲ್ಲಿ ಕೈಯ ಜೆಲ್ ತೊಳೆದುಕೊಂಡೆ.
ಮಗ್ಗು ತುಂಬಲು ಒಂಬತ್ತು.